ಮದ್ರಾಸಿಗೆ ಹೋಗಿ ಬಂದ ಪಿಸ್ತೂಲು

ನನ್ನ ಗಂಡ ಪಿಸ್ತೂಲು ಕೊಂಡದ್ದು ಶೋಕಿಗಲ್ಲ. ಬಂದರಿನಲ್ಲಿ ಅವರದು ಹುರಿಹಗ್ಗದ ಗೋದಾಮು, ನಮ್ಮ ಮನೆ ಕುಲಶೇಖರದಲ್ಲಿ. ಒಂದು ಸಂಜೆ ಮನೆಗೆ ಬರುವ ಏರುದಾರಿಯ ತಿರುವಿನಲ್ಲಿ ಇಬ್ಬರು ಅವರನ್ನು ಹೊಡೆದು ಕೆಡವಿ, ಸೊಂಟದ ಚೀಲ ಕಿತ್ತುಕೊಂಡು ಹೋದರು. ಗಾಯ ಬೇಗ ಮಾಯಿತು, ಭಯ ಮಾಯಲಿಲ್ಲ. ಅಲ್ಲಿಯವರೆಗೆ ಕತ್ತಲಾದ ಮೇಲೆ ಯಕ್ಷಗಾನದ ಪದ ಗುನುಗುತ್ತಾ ಬರುತ್ತಿದ್ದವರು, ಮಧ್ಯಾಹ್ನದ ಊಟದ ಹೊತ್ತಿಗೇ ಗೋದಾಮಿಗೆ ಬೀಗ ಹಾಕಿ ಬರತೊಡಗಿದರು. ಹಗ್ಗ ಬೇಕಾದ ಮಂಜಿ ಹಡಗಿನವರು ದಡಕ್ಕೆ ಬರುವುದೇ ಸಂಜೆ. ಬೀಗ ನೋಡಿ ಅವರು ಪಕ್ಕದ ಗೋದಾಮಿಗೆ ಹೋಗುತ್ತಿದ್ದರು. ನನಗೆ ವ್ಯಾಪಾರ ಹೋದದ್ದಕ್ಕಿಂತ ಆ ಗುನುಗು ನಿಂತದ್ದೇ ಹೆಚ್ಚು ಸಂಕಟ.

ಕಲೆಕ್ಟರ ಕಚೇರಿಗೆ ಅಲೆದು ಲೈಸೆನ್ಸು ತಂದರು. ಮದ್ರಾಸಿನ ಏಜೆಂಟರ ಮೂಲಕ ವಿಲಾಯತಿ ಕಂಪೆನಿಯೊಂದರ ಪಿಸ್ತೂಲು ಬಂತು. ಕಂಪೆನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಇಂದಿಗೂ ಬಾಯಿ ಕಹಿಯಾಗುತ್ತದೆ. ಹಿತ್ತಿಲಲ್ಲಿ ತೆಂಗಿನ ಚಿಪ್ಪು ಇಟ್ಟು ಹೊಡೆದು ನೋಡಿದರು. ಮೊದಲ ತೋಟೆ ಹಾರಿತು, ಎರಡನೆಯದು ಒಳಗೇ ಸಿಕ್ಕಿಕೊಂಡಿತು. ಮರುದಿನವೂ ಅದೇ ಪಾಡು.

"ಇದೆಂತ ಮಾರಾಯ್ತಿ, ಕಳ್ಳನಿಗೆ ಸ್ವಲ್ಪ ನಿಲ್ಲು ಅಂತ ಹೇಳ್ಬೇಕಾ?" ಎಂದು ಅದನ್ನು ಮೇಜಿನ ಮೇಲಿಟ್ಟು ಕೂತುಬಿಟ್ಟರು.

ನಾನು ಕಾನ್ವೆಂಟಿನಲ್ಲಿ ಇಂಗ್ಲಿಷು ಕಲಿತವಳು, ಆದ್ದರಿಂದ ಕಂಪೆನಿಗೆ ಬರೆಯುವ ಕರ್ಮ ನನ್ನ ಪಾಲಿಗೆ ಬಂತು. ಉತ್ತರ "ಡಿಯರ್ ಸರ್" ಎಂದು ಶುರುವಾಗಿತ್ತು. ನಾನು ಪಿಸ್ತೂಲು ಕೊಂಡವರ ಹೆಂಡತಿ ಎಂದು ಸ್ಪಷ್ಟವಾಗಿ ಬರೆದೆ. ಮುಂದಿನದೂ "ಡಿಯರ್ ಸರ್" ಎಂದೇ ಬಂತು.

ಯಾವ ಎಣ್ಣೆ ಹಾಕಿದ್ದೀರಿ ಎಂದು ಕೇಳಿದ್ದರು. ತೆಂಗಿನೆಣ್ಣೆ, ಇನ್ಯಾವುದು? ನಮ್ಮಲ್ಲಿ ಬಾಗಿಲ ತಿರುಗಣಿಯಿಂದ ಮಗುವಿನ ನೆತ್ತಿಯವರೆಗೆ ಎಲ್ಲದಕ್ಕೂ ಅದೇ. ಕಂಪೆನಿಯ ಎಣ್ಣೆಯನ್ನೇ ಹಾಕಬೇಕೆಂದು ತಾಕೀತು ಬಂತು.

"ಅವರಿಗೆ ಎಣ್ಣೆ ಮಾರ್ಬೇಕು, ಅದಕ್ಕೆ ಈ ನಾಟಕ," ಎಂದರು ನನ್ನ ಗಂಡ.

ಡಿಸೆಂಬರ್ ತಿಂಗಳ ಬೆಳಿಗ್ಗೆ ಶೀಶೆಯಲ್ಲಿ ತೆಂಗಿನೆಣ್ಣೆ ಗಟ್ಟಿಯಾಗಿ ಕೂತಿದ್ದನ್ನು ಅವರ ಮುಂದೆ ಹಿಡಿದೆ. ಅವರು ಮುಖ ತಿರುಗಿಸಿದರು. ಕೊನೆಗೆ ಕಂಪೆನಿಯ ಎಣ್ಣೆಯನ್ನೂ ತರಿಸಿದೆವು. ಅದನ್ನು ಹಾಕಿದರೂ ತೋಟೆ ಸಿಕ್ಕಿಕೊಂಡಿತು. ಪಿಸ್ತೂಲು ಕೆಟ್ಟದ್ದಕ್ಕೆ ಅವರು ಖುಷಿಪಟ್ಟದ್ದು ಆ ಒಂದು ದಿನ ಮಾತ್ರ.

ಪೊಲೀಸರ ಅಪ್ಪಣೆ ಪಡೆದು ಅದನ್ನು ಮದ್ರಾಸಿಗೆ ಕಳುಹಿಸಿದೆವು. ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ ಎಂಬ ಚೀಟಿಯೊಂದಿಗೆ ತಿರುಗಿ ಬಂತು. ಹಿತ್ತಿಲಲ್ಲಿ ಮತ್ತೆ ಸಿಕ್ಕಿಕೊಂಡಿತು. ಮತ್ತೆ ಅಪ್ಪಣೆ, ಮತ್ತೆ ರೈಲು, ಮತ್ತೆ ಅದೇ ಚೀಟಿ. ಪಿಸ್ತೂಲು ದೇಶ ಸುತ್ತುತ್ತಿತ್ತು, ಗಂಡ ಜಗಲಿಯಲ್ಲಿ ಕೂತು ಓದಿದ ಪತ್ರಿಕೆಯನ್ನೇ ಓದುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮೂರನೆಯ ಸಲ ಕಳುಹಿಸುವಾಗ, ನಿಮ್ಮ ಪಿಸ್ತೂಲಿಗೆ ಮದ್ರಾಸಿನ ನೀರೇ ಒಗ್ಗುವುದಾದರೆ ಅಲ್ಲೇ ಇಟ್ಟುಕೊಳ್ಳಿ ಎಂದು ಬರೆದುಬಿಟ್ಟೆ.

ಅದು ಎಲ್ಲಿ ನಾಟಿತೋ ಏನೋ, ಹಳೆಯದನ್ನು ಇಟ್ಟುಕೊಂಡು ಹೊಸದನ್ನೇ ಕಳುಹಿಸಿದರು, ಬಿಟ್ಟಿಯಾಗಿ. ಅದರಲ್ಲಿ ಒಂದು ತೋಟೆಯೂ ಸಿಕ್ಕಿಕೊಳ್ಳಲಿಲ್ಲ. ನನ್ನ ಗಂಡ ಅದನ್ನು ತೊಗಲಿನ ಒರೆಯಲ್ಲಿಟ್ಟು ಸೊಂಟಕ್ಕೆ ಕಟ್ಟಿಕೊಂಡರು. ಗೋದಾಮಿನ ಬಾಗಿಲು ಸಂಜೆಯವರೆಗೂ ತೆರೆದಿರತೊಡಗಿತು, ಕತ್ತಲಲ್ಲಿ ಗೇಟಿನ ಹತ್ತಿರ ಪದ ಕೇಳಿಸಿತು. ಕಂಪೆನಿಯವರ ಮೇಲಿನ ಸಿಟ್ಟನ್ನೆಲ್ಲ ನಾನು ನುಂಗಿಕೊಂಡೆ.

ಲೈಸೆನ್ಸು ಹೊಸತು ಮಾಡಿಸುವಾಗ ಬಂತು ಗ್ರಹಚಾರ. ಇನ್‌ಸ್ಪೆಕ್ಟರು ಪಿಸ್ತೂಲು ತಿರುಗಿಸಿ ನೋಡಿದರು.

"ಇದರ ನಂಬರು ಬೇರೆ ಉಂಟು, ಲೈಸೆನ್ಸಿನಲ್ಲಿ ಬೇರೆ ಉಂಟು. ಇದು ನಿಮ್ಮದಲ್ಲ," ಎಂದರು.

ಪಿಸ್ತೂಲಿಗೆ ನಂಬರು ಇರುತ್ತದೆಂದು ನಮಗೆ ಹೊಳೆದಿರಲೇ ಇಲ್ಲ. ಮಾರುವುದೇ ಕಸುಬಾದ ಕಂಪೆನಿಯವರಿಗೆ ಹೊಳೆಯಬೇಡವೇ? ಪಿಸ್ತೂಲು ಠಾಣೆಯಲ್ಲಿ ಉಳಿಯಿತು, ಖಾಲಿ ಒರೆ ಮನೆಗೆ ಬಂತು. ಬದಲಿಸಿ ಕೊಟ್ಟದ್ದು ನೀವೇ ಎಂದು ಒಂದು ಮಾತು ಬರೆದುಕೊಟ್ಟು ನಮ್ಮನ್ನು ಪಾರುಮಾಡಿ ಎಂದು ಕಂಪೆನಿಗೆ ಬೇಡಿಕೊಂಡೆ. ಉತ್ತರ ಬಂತು: ಡಿಯರ್ ಸರ್, ಹೊಸ ಪಿಸ್ತೂಲು ತಮಗೆ ತೃಪ್ತಿ ತಂದಿದೆ ಎಂದು ನಂಬಿದ್ದೇವೆ.

ಅದನ್ನು ಒಲೆಗೆ ಹಾಕಿದೆ. ಗಂಡ ಮತ್ತೆ ಮಧ್ಯಾಹ್ನಕ್ಕೇ ಮನೆಗೆ ಬರತೊಡಗಿದ್ದರು. ಮರುದಿನ ಅವರು ಹೊರಡುವಾಗ, "ಇವತ್ತು ಬೀಗ ಹಾಕ್ಬೇಡಿ, ಸಂಜೆ ನಾನು ಬರ್ತೇನೆ," ಎಂದೆ. ಅವರು ಖಾಲಿ ಒರೆಯನ್ನೇ ಸೊಂಟಕ್ಕೆ ಕಟ್ಟಿಕೊಂಡು ಹೊರಟರು. ಬಿಸಿಲು ಇಳಿದ ಮೇಲೆ ಲಾಟೀನು ಹಿಡಿದು ಬಂದರಿಗೆ ನಡೆದೆ. ಹಮಾಲರು ಕೆಲಸ ಬಿಟ್ಟು ನನ್ನನ್ನೇ ನೋಡಿದರು. ನಾನು ಹಗ್ಗದ ಸುರುಳಿಯ ಮೇಲೆ ಕೂತು, ಕೊನೆಯ ಗಿರಾಕಿ ಹೋಗುವವರೆಗೂ ಏಳಲಿಲ್ಲ.

ಮನೆಯ ದಾರಿಯಲ್ಲಿ ಲಾಟೀನು ಹಿಡಿದು ನಾನು ಮುಂದೆ, ಅವರು ಹಿಂದೆ ನಡೆದೆವು. ಏರುದಾರಿಯ ತಿರುವು ಬಂದಾಗ ಅವರ ಕೈ ಸೊಂಟಕ್ಕೆ ಹೋಗಿ ಖಾಲಿ ಒರೆಯನ್ನು ಮುಟ್ಟಿತು. ಅವರು ನಿಂತರು, ನಾನೂ ನಿಂತೆ. ಆಮೇಲೆ ನನ್ನ ಕೈಯಿಂದ ಲಾಟೀನು ತೆಗೆದುಕೊಂಡರು.

"ನೀನು ಹಿಂದಿನಿಂದ ಬಾ, ಇಲ್ಲಿ ಕಲ್ಲುಂಟು," ಎಂದು ಹೇಳಿ ಮುಂದೆ ನಡೆದರು.