ತಗಡಿನ ಚಾಪೆಲ್ಲಿನ ಚಿತ್ರಕ್ಕೆ ಬೇಕಾದ ಜಿನ್

ವಿನಿಫ್ರೆಡ್ ಥರ್ಕೆಟಲ್ ಇಂಗ್ಲೆಂಡಿನ ಇಪ್ಸ್‌ವಿಚ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಡ್ರಾಯಿಂಗ್ ಕಲಿಸಿದವರು. ಯುದ್ಧ ಶುರುವಾದ ಮೇಲೆ ಬಾಂಬಿಗೋ ಸೈನ್ಯದ ಕೆಲಸಕ್ಕೋ ಬಲಿಯಾಗಲಿದ್ದ ಮಾಮೂಲಿ ಕಟ್ಟಡಗಳನ್ನು ಜಲವರ್ಣದಲ್ಲಿ ಬರೆದಿಡುವ ಕೆಲಸಕ್ಕೆ ಸೇರಿ, ಸೈಕಲ್ ಏರಿ ಸಫೊಕ್ ತುಂಬ ಅಲೆದರು. ಕೋಟೆ, ಬಂಗಲೆಗಳ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕುಲುಮೆ, ಬೇಕರಿ, ಹಗ್ಗ ಹೊಸೆಯುವ ಶೆಡ್ಡು, ಇಂಥವೇ ಅವರಿಗೆ ಬೇಕು.

ನಾನು ಆಗ ನಮ್ಮೂರಲ್ಲಿ ಅಂಚೆ ಹಂಚುತ್ತಿದ್ದೆ. ನಲವತ್ತೆರಡರ ಜನವರಿಯಲ್ಲಿ ನಮ್ಮ ತಗಡಿನ ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾ ಮಂದಿರ, ಸೈನ್ಯದ ಹೊಸ ನಿಲ್ದಾಣದಲ್ಲಿ ವಿಮಾನ ಓಡುವ ದಾರಿಗೆ ಅಡ್ಡವೆಂದು ಕಾಗದ ಬಂತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕೆಡವುತ್ತಾರಂತೆ! ನಾನೇ ವಿನಿಫ್ರೆಡ್‌ಗೆ ತಂತಿ ಕೊಟ್ಟೆ.

ಗುರುವಾರ ಒಂಬತ್ತಕ್ಕೆ ಹಿಮದಲ್ಲೇ ಸೈಕಲ್ ತುಳಿದುಕೊಂಡು ಬಂದರು. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಅರ್ಧ ಗಂಟೆಯಲ್ಲಿ ಪೆನ್ಸಿಲ್ ಗೆರೆ ಮುಗಿಸಿದರು. ಕುಂಚದಲ್ಲಿ ತುಕ್ಕಿನ ಬಣ್ಣ ತೆಗೆದು ಚಾವಣಿಗೆ ಬಳಿದರೆ, ಬಣ್ಣ ಹಾಳೆಯ ಮೇಲೇ ಮಂಜುಗಡ್ಡೆ! ಒರೆಸಿ ಮತ್ತೆ ಬಳಿದರು, ಮತ್ತೆ ಹಾಗೇ. ಅಷ್ಟರಲ್ಲಿ ಕೆಡವುವವರ ಲಾರಿಯೂ ಬಂದು ನಿಂತಿತು.

"ಜಿನ್ ಬೇಕು, ಈಗಲೇ," ಅಂದರು ವಿನಿಫ್ರೆಡ್.

ಪಕ್ಕದಲ್ಲಿದ್ದ ಜೇಬೆಜ್ ಕಾಪಿಂಗ್ ಬೆಚ್ಚಿಬಿದ್ದರು. ಚಾಪೆಲ್ಲಿನ ಹಿರಿಯ ಅವರು. ಎಂಟನೇ ವಯಸ್ಸಿನಲ್ಲಿ ಹೆಂಡ ಮುಟ್ಟುವುದಿಲ್ಲವೆಂದು ಆಣೆ ಇಟ್ಟವರು, ಎಪ್ಪತ್ತೊಂದರವರೆಗೂ ನಡೆಸಿಕೊಂಡವರು.

"ಏನಂದ್ರಿ ಮೇಡಂ?"

"ಕುಡಿಯೋಕಲ್ಲ ಮಾರಾಯ್ರೆ! ಬಣ್ಣಕ್ಕೆ. ಜಿನ್ ಬೆರೆಸಿದ್ರೆ ನೀರು ಬೇಗ ಗಡ್ಡೆ ಕಟ್ಟಲ್ಲ."

"ನಾನು ತರ್ತೀನಿ ತಾತ," ಅಂದೆ.

"ಬೇಡಮ್ಮ. ಈ ತಗಡಿಗೆ ನಮ್ಮಪ್ಪನ ಜೊತೆ ಮೊಳೆ ಹೊಡೆದವನು ನಾನು. ನಾನೇ ಹೋಗ್ತೀನಿ."

ನಾನೂ ಹಿಂದೆಯೇ ಓಡಿದೆ. ಪಬ್ಬಿನ ಬಾಗಿಲು ತೆರೆದ ಒಡತಿ ಡಾಲಿ ಸ್ಮೈ ಅಲ್ಲಿ ಜೇಬೆಜ್‌ರನ್ನು ಕಂಡು ಗಾಬರಿಯಾದಳು. "ಅಯ್ಯೋ, ಯಾರು ಹೋಗ್ಬಿಟ್ರು?"

"ಯಾರೂ ಹೋಗಿಲ್ಲ. ಜಿನ್ ಕೊಡು."

ಡಾಲಿ ಬಾಗಿಲುವಾಡ ಹಿಡಿದುಕೊಂಡು ನಕ್ಕಳು. "ನಿಂಬೆಹಣ್ಣು ಕೇಳ್ಬೇಡಿ ಮತ್ತೆ. ಯುದ್ಧ ಶುರುವಾದಾಗಿಂದ ಕಣ್ಣಲ್ಲೇ ಕಂಡಿಲ್ಲ!"

"ತಮಾಷೆಗೆ ಟೈಮಿಲ್ಲ ಕಣೇ!"

ವಿಷಯ ತಿಳಿದದ್ದೇ, ಸೈನ್ಯದಲ್ಲಿದ್ದ ಮಗ ರಜೆಗೆ ಬಂದಾಗ ಬೇಕೆಂದು ಬಚ್ಚಿಟ್ಟಿದ್ದ ಅರ್ಧ ಬಾಟಲಿಯನ್ನು ಪೂರ್ತಿ ಕೊಟ್ಟುಬಿಟ್ಟಳು.

ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು ಹಿಮದಲ್ಲಿ ಓಡಿಬಂದ ಜೇಬೆಜ್‌ರನ್ನು ಕಂಡು ಲಾರಿಯ ಆಳುಗಳು ಕೇಕೆ ಹಾಕಿದರು. "ಅದನ್ನ ಬಣ್ಣಕ್ಕೆ ಸುರೀತೀರಾ ಅಜ್ಜಾ? ಪಾಪ ಹತ್ತತ್ತೆ!" ಎಂದ ಮೇಸ್ತ್ರಿ ಡೊನೆಗನ್. ಆದರೆ ಗಡಿಯಾರ ನೋಡಿ ತನ್ನವರಿಗೆ ಗದರಿದ: "ಹನ್ನೆರಡರವರೆಗೆ ಯಾವನೂ ಸುತ್ತಿಗೆ ಮುಟ್ಟಂಗಿಲ್ಲ. ಟಾರ್ಪಾಲ್ ತನ್ರೋ, ಗಾಳಿಗೆ ಅಡ್ಡ ಹಿಡೀರಿ!"

ಬಣ್ಣ ಹರಿಯಿತು! ಹಸಿರು ಬಾಗಿಲು, ಸೊಟ್ಟ ಹೊಗೆಕೊಳವೆ, ತುಕ್ಕು ಹಿಡಿದ ಚಾವಣಿ, ಒಂದೊಂದೇ ಮೂಡಿದವು. ಜೇಬೆಜ್ ಬೆನ್ನ ಹಿಂದೆ ನಿಂತು, "ಆ ಮೂರನೇ ತಗಡು ಇನ್ನೂ ಕೆಂಪು ಮೇಡಂ," ಎಂದು ತಿದ್ದುತ್ತಿದ್ದರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ವಿನಿಫ್ರೆಡ್ ಕುಂಚ ಎತ್ತಿ "ಮುಗೀತು!" ಎಂದು ಕೂಗಿದರು. ಎಲ್ಲರೂ ಕೂಗಿದೆವು. ಹನ್ನೆರಡು ಹೊಡೆದಾಗ ಮೊದಲ ತಗಡಿನ ಮೊಳೆಯನ್ನು ಜೇಬೆಜ್ ತಾವೇ ಕಿತ್ತರು.

ವಿನಿಫ್ರೆಡ್ ಅಂಥ ನಲವತ್ತಮೂರು ಚಿತ್ರ ಬರೆದರು. ಯುದ್ಧ ಮುಗಿದಾಗ ಅವುಗಳಲ್ಲಿ ಇಪ್ಪತ್ತೊಂಬತ್ತು ಕಟ್ಟಡ ನೆಲದ ಮೇಲೆ ಉಳಿದಿರಲಿಲ್ಲ. ಅವರು ಮತ್ತೆ ಶಾಲೆಗೆ ಹೋಗಿ ಡ್ರಾಯಿಂಗ್ ಕಲಿಸಿದರು.

ಚಾಪೆಲ್ ಕೆಡವಿದ ವರ್ಷದ ಜೂನ್‌ನಲ್ಲೇ ಇಪ್ಸ್‌ವಿಚ್‌ನಲ್ಲಿ ಚಿತ್ರಗಳ ಪ್ರದರ್ಶನ ನಡೆಯಿತು. ನಾವು ಬಸ್ಸು ತುಂಬ ಹೋದೆವು. ಜೇಬೆಜ್ ಒಳಗೆ ಕಾಲಿಟ್ಟವರೇ ಗುರುತೇ ಇಲ್ಲದವರ ತೋಳು ಹಿಡಿದು ಚಾಪೆಲ್ಲಿನ ಚಿತ್ರದ ಮುಂದಕ್ಕೆ ಎಳೆದು ತಂದರು: "ಬನ್ನಿ, ಬನ್ನಿ, ಇಲ್ಲಿ ನೋಡಿ! ಇದು ನಮ್ಮದು!"