ಪದ್ಮಶ್ರೀ ಆರಿಸಿದ ಬೆಂಕಿ

ಹುಳಿಯಾರಿಗೆ ಮದುವೆಯಾಗಿ ಬಂದ ಮೊದಲ ವರ್ಷವೇ ಪದ್ಮಶ್ರೀಯ ಎಡಗಿವಿ ಮಂದವಾಯಿತು. ಗಂಡ ಚಿರಂಜೀವಿ ಕೊಟ್ಟ ಏಟು ಅದು. ಅವನು ಕೊಬ್ಬರಿ ವ್ಯಾಪಾರಿ. ಅಂಗಡಿಯಲ್ಲಿ ನಗುನಗುತ್ತಾ ಮಾತಾಡುವವನು ಮನೆಯ ಬಾಗಿಲು ಹಾಕಿದ ಮೇಲೆ ಬೆಲ್ಟು ಬಿಚ್ಚುತ್ತಿದ್ದ. ಪದ್ಮಶ್ರೀ ತಿಪಟೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾ ಅಲ್ಲೇ ಸಂಶೋಧನೆಗೂ ಸೇರಿಕೊಂಡಿದ್ದಳು. ಬಾಸುಂಡೆಗಳನ್ನು ಉದ್ದ ತೋಳಿನ ರವಿಕೆಯೊಳಗೆ ಮುಚ್ಚಿಕೊಂಡು ಬಸ್ಸು ಹತ್ತುತ್ತಿದ್ದಳು.

ತನ್ನ ಕೆಲಸವೇನೆಂದು ಗಂಡನಿಗೆ ಒಮ್ಮೆ ಬಿಡಿಸಿ ಹೇಳಿದ್ದಳು. ಸಣ್ಣ ಗಾಜಿನ ಪಾತ್ರೆ, ಅದರಲ್ಲಿ ಥಟ್ಟನೆ ಹೊತ್ತಿಕೊಳ್ಳುವ ಅಸಿಟೋನ್ ದ್ರಾವಣ, ಕರೆಂಟು ಹರಿಸಲು ಎರಡು ಕಡ್ಡಿ, ಹದವಾದ ಕರೆಂಟು. ಆ ಕರೆಂಟಿನ ಬಲದಿಂದ ಕೋಬಾಲ್ಟಿನ ವೇಗವರ್ಧಕ ಒಂದು ಹೈಡ್ರೋಜನ್ ಪರಮಾಣುವನ್ನು ಹಿಡಿದು ಇನ್ನೊಂದು ಅಣುವಿನ ದ್ವಿಬಂಧಕ್ಕೆ ದಾಟಿಸಬೇಕು. ಅದು ಕೈಗೂಡಿದರೆ, ಔಷಧದ ಅಣು ಕಟ್ಟುವಾಗ ಸುರಿಯುವ ಎಷ್ಟೋ ಕಟುವಾದ ರಾಸಾಯನಿಕಗಳು ಬೇಕಾಗುವುದಿಲ್ಲ. ನಡುವೆ ಕರೆಂಟು ನಿಂತರೆ ಎಲ್ಲ ಹಾಳು. ಹಾಗಾಗಿ ಕೆಲವು ದಿನ ಕಾಲೇಜು ಬಿಟ್ಟ ಮೇಲೂ ಕಾಯಬೇಕು. ಚಿರಂಜೀವಿ ಕಿವಿಗೆ ಹಾಕಿಕೊಂಡದ್ದು ಆ ಕೊನೆಯ ಮಾತೊಂದನ್ನೇ.

ಒಂದು ಶನಿವಾರ ಮಧ್ಯಾಹ್ನ ಅವನು ಪ್ರಯೋಗಾಲಯಕ್ಕೇ ಬಂದ. ಪದ್ಮಶ್ರೀ ಒಬ್ಬಳೇ ಇದ್ದಳು.

"ಯಾವನಿಗೆ ಕಾಯ್ತಾ ಕೂತಿದ್ದೀಯೇ?"

ಯಾರಿಗೂ ಇಲ್ಲ, ಇದು ಮುಗಿದ ಕೂಡಲೇ ಹೊರಡುತ್ತೇನೆ ಅಂದಳು. ಅವನು ಜಡೆ ಹಿಡಿದು ಅವಳ ಮುಖವನ್ನು ಕಲ್ಲಿನ ಮೇಜಿಗೆ ಕುಟ್ಟಿದ. ಮುಂದಿನ ಹಲ್ಲು ಮುರಿಯಿತು. ಕೆಳಗೆ ಬಿದ್ದವಳ ಪಕ್ಕೆಗೆ ಒದ್ದ. ಆಮೇಲೆ ಸ್ಟೂಲೆತ್ತಿ ಗಾಜಿನ ಪಾತ್ರೆಯ ಮೇಲೆ ಬೀಸಿದ. ಪಕ್ಕದ ಅಸಿಟೋನ್ ಬಾಟಲಿಯೂ ಒಡೆದು ಅವನ ಅಂಗಿಯ ಮೇಲೆಲ್ಲ ಚೆಲ್ಲಿತು. ಕಿತ್ತ ವೈರುಗಳು ಒಂದಕ್ಕೊಂದು ತಾಗಿ ಕಿಡಿ ಹಾರಿ, ಮೇಜೂ ಅವನ ಅಂಗಿಯೂ ಹೊತ್ತಿಕೊಂಡವು.

ಚಿರಂಜೀವಿ ಉರಿಯುತ್ತಾ ಬಾಗಿಲ ಕಡೆ ಓಡಿದ. ಪದ್ಮಶ್ರೀ ಬಿದ್ದಲ್ಲಿಂದಲೇ ನೋಡಿದಳು. ಸಾಯಲಿ ಅನ್ನಿಸಿತ್ತು ಎಂದು ಮುಂದೆ ಅವಳೇ ಹೇಳಿದಳು. ಆದರೂ ಎದ್ದು ಮೇನ್ ಸ್ವಿಚ್ ಆರಿಸಿ, ಗೋಡೆಯಲ್ಲಿದ್ದ ಬೆಂಕಿ ಆರಿಸುವ ಕಂಬಳಿ ಎಳೆದುಕೊಂಡು, ಅವನನ್ನು ನೆಲಕ್ಕೆ ಕೆಡವಿ ಸುತ್ತಿದಳು. ಮೇಜಿನ ಮೇಲಿನ ಉರಿಗೆ ಬಕೀಟಿನ ಮರಳು ಎರಚಿದಳು. ಅವಳ ಅಂಗೈಗಳೂ ಬೆಂದವು.

ಅವನು ಬದುಕಿಕೊಂಡ. ಎದೆ, ಕುತ್ತಿಗೆಯ ಚರ್ಮವೆಲ್ಲ ಸುಲಿದುಹೋಗಿತ್ತು. ಪದ್ಮಶ್ರೀ ಪೊಲೀಸರಿಗೆ ದೂರು ಕೊಟ್ಟಳು. ಅತ್ತೆ ಅನಸೂಯಮ್ಮ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು, ಪ್ರಾಣ ಉಳಿಸಿದವಳೇ ಜೈಲಿಗೆ ಕಳಿಸುತ್ತೀಯಾ, ದೂರು ವಾಪಸ್ ತಗೊಂಡುಬುಡು ಅಂತ ಅತ್ತರು.

"ಬೆಂಕಿ ಆರ್ಸಿದ್ದೂ ನಾನೇ ಕಣತ್ತೆ, ದೂರು ಕೊಟ್ಟಿರೋದೂ ನಾನೇ. ಎರಡೂ ಹಂಗೇ ಇರ್ಲಿ."

ಚಿರಂಜೀವಿಗೆ ಶಿಕ್ಷೆಯಾಯಿತು. ಪದ್ಮಶ್ರೀ ತಿಪಟೂರಿನಲ್ಲೇ ಬಾಡಿಗೆ ಮನೆ ಹಿಡಿದು, ಅಂಗೈ ವಾಸಿಯಾದ ಮೇಲೆ ಪ್ರಯೋಗವನ್ನು ಹೊಸದಾಗಿ ಹೂಡಿದಳು. ಬಾಗಿಲು ಸದ್ದಾದರೆ ಬೆಚ್ಚಿ ತಿರುಗುವುದು ಬಹಳ ದಿನ ಹೋಗಲಿಲ್ಲ. ಎಷ್ಟೋ ಸಲ ಕೆಟ್ಟು, ಕಡೆಗೊಂದು ಬೆಳಿಗ್ಗೆ ಹೈಡ್ರೋಜನ್ ಅವಳಂದುಕೊಂಡ ಜಾಗಕ್ಕೇ ಸೇರಿತ್ತು. ಆ ದಿನ ಪಾಠಕ್ಕೆ ಸ್ವಲ್ಪ ತಡವಾಗಿ ಹೋದಳು.