ಕೈಗಡದ ಪಾಪಗಳು

ಬಸ್ಸಿನಲ್ಲಿ ಪಕ್ಕದವರು ಉದ್ಯೋಗ ಕೇಳಿದರೆ ಈಗೀಗ ನಾನು ‘ಮಾಸ್ತರ’ ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗುತ್ತೇನೆ. ಪೂರ್ತಿ ಸತ್ಯ ಹೇಳುವುದರಲ್ಲಿ ಅಪಾಯವಿದೆ. ಒಮ್ಮೆ ಹೊಸಪೇಟೆಯಿಂದ ಕಂಪ್ಲಿಗೆ ಬರುವಾಗ, ಮೆಣಸಿನಕಾಯಿ ಚೀಲವನ್ನು ಕಾಲಡಿ ಇಟ್ಟುಕೊಂಡಿದ್ದ ಹಿರಿಯರೊಬ್ಬರಿಗೆ, ನಾನು ಕ್ಯಾಥೊಲಿಕರ ಪ್ರಾಥಮಿಕ ಶಾಲೆಯೊಂದರಲ್ಲಿ ಧರ್ಮಬೋಧನೆಯ ಮುಖ್ಯಸ್ಥ ಎಂದು ಸವಿಸ್ತಾರವಾಗಿ ತಿಳಿಸಿಬಿಟ್ಟೆ. ಅವರು ಕಾಲು ಮಡಚಿ ನೆಟ್ಟಗೆ ಕುಳಿತು, ರುಮಾಲು ಸರಿಮಾಡಿಕೊಂಡು, “ಹಂಗಾರ ಈ ವರ್ಷ ಡ್ಯಾಮಿಗೆ ನೀರು ಬರ್ತೈತೇನ್ರಿ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಮತ್ತ ಎದರ ಮುಖ್ಯಸ್ಥರ್ರಿ ನೀವು?” ಎಂದರು. ಕಂಪ್ಲಿ ಬರುವವರೆಗೂ ನಾನು ಕಿಟಕಿಯ ಹೊರಗಿನ ವಿದ್ಯುತ್ ಕಂಬಗಳನ್ನು ಎಣಿಸಿದೆ.

ಪ್ರಶ್ನೆ ನ್ಯಾಯವಾದದ್ದೇ. ನನ್ನ ವಿಭಾಗದಲ್ಲಿ ಇರುವುದು ನಾನು, ಒಂದು ಮರದ ಬೀರು, ಮತ್ತು ಗೆದ್ದಲಿಗೆ ಒಂದು ರೆಕ್ಕೆಯನ್ನು ದಾನಮಾಡಿದ ದೇವದೂತನ ಚಿತ್ರಪಟ. ಮುಖ್ಯಸ್ಥನೂ ನಾನೇ, ಕೈಕೆಳಗಿನವನೂ ನಾನೇ ಆದ್ದರಿಂದ ನನ್ನ ಆಜ್ಞೆಗಳು ಪಾಲನೆಯಾಗದಿದ್ದಾಗ ಯಾರನ್ನು ಗದರಿಸಬೇಕೆಂಬ ಗೊಂದಲ ಎಂದೂ ಬಂದಿಲ್ಲ.

ಶಾಲೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಬೆರಳೆಣಿಕೆಯಷ್ಟು. ಅವರಿಗೆ ನಾನು ಧರ್ಮೋಪದೇಶ ಹೇಳಬೇಕು. ಉಳಿದವರೆಲ್ಲ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವವರ, ಅಕ್ಕಿ ಗಿರಣಿಯವರ, ಅಂಗಡಿಯವರ ಮಕ್ಕಳು. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಬರುವವರು. ಅವರಿಗೆ ನೀತಿಪಾಠ. ಈ ಎರಡು ಮಹಾಪಾಠಗಳ ನಡುವೆ ಇರುವ ಗಡಿರೇಖೆ ಎಂದರೆ ಮೇಲೆ ಹೇಳಿದ ಬೀರು. ಬೀರಿನ ಈ ಕಡೆ ಹೇಳಿದ್ದು ಆ ಕಡೆಗೆ ಕೇಳಿಸಬಾರದೆಂದು ಧ್ವನಿಗೆ ಯಾರೂ ತಿಳಿಸಿಲ್ಲ. ಪರಿಣಾಮವಾಗಿ ಗಿರಣಿ ಮಾಲೀಕರ ಮೊಮ್ಮಗ, ಮೂರನೆಯ ತರಗತಿಯ ವೀರೇಶ, ಮೋಶೆಯ ಹತ್ತು ಆಜ್ಞೆಗಳನ್ನು ಮಗ್ಗಿಯ ರಾಗದಲ್ಲಿ ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ನಮ್ಮ ಕ್ಯಾಥೊಲಿಕ್ ಮಕ್ಕಳು ಆರನೆಯದಕ್ಕೆ ಬಂದು ಸೂರು ನೋಡುತ್ತಾರೆ.

ಇದರಿಂದ ಆತನ ಮನೆಯಲ್ಲಿ ಏನಾದರೂ ಆಕ್ಷೇಪವಿದೆಯೇ ಎಂದು ನನಗೆ ಅಳುಕಿತ್ತು. ಒಂದು ದಿನ ಅವನ ಅಜ್ಜಿ ಬಂದೇಬಿಟ್ಟರು. ದೊಡ್ಡ ಕುಂಕುಮ, ದೊಡ್ಡ ದನಿ. ಬೆಂಚಿನ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಹೇಳಿದರು:

“ಸರ, ನಮ್ ಹುಡುಗ ಉಣ್ಣಾಕ ಕುಂತಾಗ ನೀವು ಕಲಿಸಿದಂಗ ಕಣ್ಮುಚ್ಚಿ ಪ್ರಾರ್ಥನಿ ಮಾಡ್ತಾನ್ರಿ.”

“ನಿಮಗೇನರ ಬ್ಯಾಸರ ಆಗೇತೇನ್ರಿ ಅಮ್ಮಾ?”

“ಬ್ಯಾಸರ ಯಾಕ್ರಿ? ದೇವರ ಹೆಸರು ಹೇಳ್ತಾನ, ಚಲೋನ ಆತು. ಆದ್ರ ಅಂವ ಕಣ್ ತಗಿಯೋದ್ರಾಗ ಅವನ್ ತಂಗಿ ತಾಟಿನಾಗಿನ ಮಿರ್ಚಿ ಭಜಿ ತಿಂದು ಮುಗಿಸಿರ್ತಾಳ್ರಿ. ದಿನಾ ಜಗಳ. ಕಣ್ ತಗದು ಮಾಡೋ ಪ್ರಾರ್ಥನಿ ಇಲ್ಲೇನ್ರಿ ನಿಮ್ಮಲ್ಲಿ?”

ನಾನು ಗಂಭೀರವಾಗಿ ಆಲೋಚಿಸಿ, ಒಂದು ಕಣ್ಣು ತೆರೆದಿರಬಹುದು ಎಂದು ಅಪ್ಪಣೆ ಕೊಟ್ಟೆ. ಧರ್ಮಬೋಧನೆಯ ಮುಖ್ಯಸ್ಥನಾಗಿ ನಾನು ಹೊರಡಿಸಿದ ಆಜ್ಞೆಗಳಲ್ಲಿ ಚಾಚೂ ತಪ್ಪದೆ ಪಾಲನೆಯಾಗುತ್ತಿರುವುದು ಅದೊಂದೇ.

ಇಂಥ ನನಗೆ ಈ ವರ್ಷ ಒದಗಿದ ಸಂಕಟ ಮಿರ್ಚಿಯದ್ದಲ್ಲ, ಪಾಪದ್ದು. ಅಂದರೆ, ಪಾಪದ ಕೊರತೆಯದ್ದು.

ಗೊತ್ತಿಲ್ಲದವರಿಗಾಗಿ ಹೇಳಬೇಕು. ನಮ್ಮಲ್ಲಿ ಮಕ್ಕಳಿಗೆ ತಿಳಿವಳಿಕೆ ಬರುವ ವಯಸ್ಸಿಗೆ ಮೊದಲ ಬಾರಿ ಪರಮಪ್ರಸಾದ, ಅಂದರೆ ಯೇಸುವಿನ ಶರೀರವೆಂದು ನಾವು ನಂಬುವ ರೊಟ್ಟಿಯ ಬಿಲ್ಲೆ, ಕೊಡುವ ಪದ್ಧತಿ. ಅದು ಮನೆಮಂದಿಗೆಲ್ಲ ಹಬ್ಬ. ಬಿಳಿ ಬಟ್ಟೆ, ಕೈಯಲ್ಲಿ ಮೇಣದ ಬತ್ತಿ, ಮಧ್ಯಾಹ್ನ ಊಟ. ಅದಕ್ಕೆ ಮೊದಲು ಮಗು ಚರ್ಚಿನ ಗುರುಗಳ, ಅಂದರೆ ಫಾದರ್ ಅವರ, ಮುಂದೆ ಮೊಣಕಾಲೂರಿ ತನ್ನ ಪಾಪಗಳನ್ನು ಹೇಳಿಕೊಳ್ಳಬೇಕು. ಅದು ಪಾಪನಿವೇದನೆ. ಗುರುಗಳು ದೇವರ ಹೆಸರಿನಲ್ಲಿ ಕ್ಷಮೆ ಕೊಡುತ್ತಾರೆ, ಕೇಳಿದ್ದನ್ನು ಸಾಯುವವರೆಗೂ ಯಾರಿಗೂ ಹೇಳುವುದಿಲ್ಲ. ಮಕ್ಕಳನ್ನು ಇದಕ್ಕೆ ತಯಾರು ಮಾಡುವುದು ನನ್ನ ಕೆಲಸ. ಮೊದಲು ಸಂಡೂರು ಕಡೆ ದೋಣಿಮಲೈಯಲ್ಲಿದ್ದಾಗ ನನಗೆ ಪಾಪದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬಟ್ಟೆಯದ್ದು. ಅದಿರಿನ ಕೆಂಪು ಧೂಳಿನಲ್ಲಿ ಮಗು ಕ್ವಾರ್ಟರ್ಸಿನಿಂದ ಚರ್ಚಿಗೆ ಬರುವಷ್ಟರಲ್ಲಿ ಬಿಳಿ ಎನ್ನುವುದು ಕಣ್ಣಿಗೆ ಕಾಣುವ ಸಂಗತಿಯಾಗಿರದೆ ಬರೀ ವಿಶ್ವಾಸದ ಸಂಗತಿಯಾಗಿರುತ್ತಿತ್ತು.

ಈ ವರ್ಷ ಕಂಪ್ಲಿಯಲ್ಲಿ ಇದ್ದವಳು ಒಬ್ಬಳೇ: ಜೆಸಿಂತಾ, ವೀರೇಶನ ತರಗತಿಯವಳು. ತಾಯಿ ಆಸ್ಪತ್ರೆಯಲ್ಲಿ ನರ್ಸ್, ತಂದೆ ಗಿರಣಿಗಳ ಮೋಟಾರು ರಿಪೇರಿಯವರು. ಹೊಸಪೇಟೆಯಲ್ಲಿ ಬಿಳಿ ಫ್ರಾಕು ಹೊಲಿಸಿ ತಂದಾಗಿತ್ತು. ಭಾನುವಾರ ಪರಮಪ್ರಸಾದ, ಶನಿವಾರ ಪಾಪನಿವೇದನೆ. ಆ ವಾರದ ಮೊದಲಲ್ಲೇ ಹುಡುಗಿ ಬೀರಿನ ಪಕ್ಕಕ್ಕೆ ಬಂದು ನಿಂತು, ಪೆನ್ಸಿಲ್ ಮರೆತು ಬಂದವಳ ಮುಖ ಮಾಡಿ ಹೇಳಿದಳು:

“ಸರ, ನನ್ ಹತ್ರ ಒಂದೂ ಇಲ್ರಿ.”

“ಏನು ಇಲ್ಲ?”

“ಪಾಪ.”

ನಾನು ನಕ್ಕೆ. ಅನುಭವಿ ವೈದ್ಯ ನಾಡಿ ಹಿಡಿಯುವಂತೆ ಒಂದೊಂದಾಗಿ ವಿಚಾರಿಸಿದೆ. ಸುಳ್ಳು ಹೇಳಿಲ್ಲವೇ?

“ಹೇಳಾಕ ಹೋದ್ರ ನಗು ಬರ್ತೈತ್ರಿ. ಅಲ್ಲೇ ಸಿಕ್ಕಿಬೀಳ್ತೀನಿ.”

ಅವ್ವನಿಗೆ ಎದುರು ಮಾತನಾಡಿಲ್ಲವೇ?

“ಅವ್ವ ಡ್ಯೂಟಿ ಮಾಡಿ ಬಂದು ಮಲಗಿರ್ತಾಳ್ರಿ. ಎದುರು ಮಾತಾಡಾಕ ಅಕಿ ಎದ್ದಿರಬೇಕಲ್ರಿ?”

ಯಾರದಾದರೂ ಏನಾದರೂ ಕದ್ದದ್ದು?

“ಕೇಳಿದ್ರ ಎಲ್ರೂ ಕೊಡ್ತಾರ್ರಿ.”

ಹತ್ತು ಆಜ್ಞೆಗಳೂ ಮುಗಿದವು. ಹುಡುಗಿ ಒಂದರಲ್ಲೂ ಸಿಗಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಅವಳ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ: ಪಾಪ ಇಲ್ಲದಿದ್ದರೆ ಫಾದರ್ ಕ್ಷಮಿಸುವುದು ಏನನ್ನು? ಕ್ಷಮೆ ಸಿಗದಿದ್ದರೆ ಪರಮಪ್ರಸಾದ ಇಲ್ಲ. ಪರಮಪ್ರಸಾದ ಇಲ್ಲದಿದ್ದರೆ ಫ್ರಾಕು? ಊರಿಂದ ಬರುವ ಅಜ್ಜಿ?

ಆಗ ನಾನು, ‘ಹಾಗೇನಿಲ್ಲ ಮಗೂ, ಬರಿಗೈಯಲ್ಲಿ ಹೋದರೂ ದೇವರು ಬಾಗಿಲು ಹಾಕುವುದಿಲ್ಲ’ ಎನ್ನಬಹುದಿತ್ತು. ಆದರೆ ಇಷ್ಟು ವರ್ಷಗಳಲ್ಲಿ ನನ್ನ ಕೈಯಲ್ಲಿ ತಯಾರಾದ ಯಾವ ಮಗುವೂ ಬರಿಗೈಯಲ್ಲಿ ಹೋದದ್ದಿಲ್ಲ. ಮುಖ್ಯಸ್ಥರಿಗೂ ಒಂದು ಮರ್ಯಾದೆ ಇರುತ್ತದೆ. “ಶನಿವಾರದ ತನಕ ಟೈಮ್ ಐತಿ. ಚೆನ್ನಾಗಿ ಹುಡುಕು, ಸಿಗ್ತಾವ” ಎಂದು ಕಳಿಸಿದೆ.

ಹಾಗೆ ಹೇಳಿದಾಗ ಈ ಊರಿನ ಒಂದು ಪದ್ಧತಿ ನನಗೆ ನೆನಪಾಗಬೇಕಿತ್ತು. ಕಂಪ್ಲಿಯಲ್ಲಿ ಮನೆಯಲ್ಲಿಲ್ಲದ ವಸ್ತುವನ್ನು ಯಾರೂ ಹುಡುಕುತ್ತ ಕೂರುವುದಿಲ್ಲ. ಹೆಪ್ಪಿನ ಮೊಸರು ಇಲ್ಲವೇ, ಪಕ್ಕದ ಮನೆ. ಅತಿಥಿಗಳು ಬಂದರೆ ಚಾಪೆ, ಮದುವೆಗೆ ಹೊರಟರೆ ಸರ, ಜ್ವರ ಬಂದರೆ ಮಾತ್ರೆ, ಎಲ್ಲ ಪಕ್ಕದ ಮನೆ. ಇದಕ್ಕೆ ಕೈಗಡ ಎಂದು ಹೆಸರು. ಕೇಳುವುದರಲ್ಲಿ ನಾಚಿಕೆಯಿಲ್ಲ, ಇಲ್ಲ ಎನ್ನುವುದೇ ನಾಚಿಕೆ. ಮಕ್ಕಳು ಈ ವಿದ್ಯೆಯನ್ನು ಅಕ್ಷರಕ್ಕೆ ಮೊದಲೇ ಕಲಿತಿರುತ್ತಾರೆ.

ಶನಿವಾರ ಹೊಸಪೇಟೆಯಿಂದ ಫಾದರ್ ಬಂದರು. ನಗುಮುಖದ ದೊಡ್ಡಾಳು, ಕುಳಿತ ಕುರ್ಚಿಗಳೆಲ್ಲ ಕಿರುಗುಟ್ಟುತ್ತವೆ. ಶಾಲೆಯ ಪುಟ್ಟ ಪ್ರಾರ್ಥನಾಲಯದಲ್ಲಿ ಕುಳಿತರು. ಜೆಸಿಂತಾ ಒಳಗೆ ಹೋದಳು. ನಾನು ಬೇವಿನ ಮರದ ಕೆಳಗೆ ನಿಂತೆ. ಸಾಮಾನ್ಯವಾಗಿ ಈ ವಯಸ್ಸಿನವರ ಪಾಪಗಳು ಒಂದು ಚಹಾ ಆರುವ ಮೊದಲೇ ಮುಗಿಯುತ್ತವೆ. ಇವಳು ಹೊರಗೆ ಬರಲೊಲ್ಲಳು. ಒಳಗಿನಿಂದ ಕುರ್ಚಿ ಕಿರುಗುಟ್ಟುವುದು ಮಾತ್ರ ಕೇಳಿಸುತ್ತಿತ್ತು.

ಕೊನೆಗೆ ಬಂದಳು. ಮುಖ ಅರಳಿತ್ತು. ಹಿಂದೆಯೇ ಫಾದರ್ ಬಂದು, ನನ್ನ ಕಡೆ ನೋಡದೆ, ವರಾಂಡದ ಬೆಂಚಿನ ಮೇಲೆ ಕುಳಿತು, ಶಾಲೆಯ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕೊಟ್ಟ ಚಹಾ ಹಿಡಿದು ಸೂರನ್ನೇ ದಿಟ್ಟಿಸತೊಡಗಿದರು. ಗುಟ್ಟು ಕಾಯುವ ವ್ರತ ಎಷ್ಟು ಕಠಿಣವೆಂದು ನಾನು ಕಣ್ಣಾರೆ ಕಂಡದ್ದು ಅಂದೇ. ಬಾಯಿ ಬಿಗಿದಿತ್ತು, ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ಗುಟ್ಟಿನ ನಿಯಮ ಗುರುಗಳಿಗೇ ಹೊರತು ಹುಡುಗಿಗಲ್ಲ. ಅವಳು ಓಡಿ ಬಂದು ನನ್ನ ಕೈ ಹಿಡಿದಳು.

“ಸರ, ಎಲ್ಲಾ ಹೇಳಿದ್ನ್ರಿ! ಒಂದೂ ಬಿಡಲಿಲ್ಲ. ಟ್ರ್ಯಾಕ್ಟರ್ ಓಡಿಸಿದ್ದು ಫಾದರ್ ಎರಡೆರಡು ಸಲ ಕೇಳಿದ್ರು.”

“ಟ್ರ್ಯಾಕ್ಟರ್? ನೀನ್ ಯಾವಾಗ ಓಡಿಸಿದಿ?”

“ನಾ ಅಲ್ರಿ. ವೀರೇಶ. ಕಾಲುವಿ ದಂಡಿ ತನಕ.”

ಮೆಲ್ಲನೆ ಎಲ್ಲ ಹೊರಬಂತು. ಹುಡುಗಿಗೆ ಪಾಪವಿಲ್ಲ ಎಂಬ ಸುದ್ದಿ ಕೇಳಿ ಮೂರನೆಯ ತರಗತಿ ಮರುಗಿತ್ತು. ಊಟದ ಬಿಡುವಿನಲ್ಲಿ ಸಭೆ ಸೇರಿತ್ತು. “ನಾ ಮಾಡಿಲ್ಲಲೇ” ಎಂದು ಇವಳು ಅಂದಾಗ, “ಮಾಡಿಲ್ಲ ಅಂದ್ರ ಏನಾತು? ನನ್ ಹತ್ರ ಭಾಳ ಅದಾವ, ತಗೋ” ಎಂದು ವೀರೇಶ ಧಾರಾಳವಾಗಿ ತನ್ನ ಟ್ರ್ಯಾಕ್ಟರನ್ನೂ, ಕಾರ್ಖಾನೆಗೆ ಹೋಗುವ ಗಾಡಿಯಿಂದ ಕಬ್ಬು ಎಳೆದದ್ದನ್ನೂ ಕೊಟ್ಟಿದ್ದ. ನಾಗವೇಣಿ ಎಂಬ ಹುಡುಗಿ, ಹಲ್ಲಿಲ್ಲದ ಅಜ್ಜಿಯ ಮಾತನ್ನು ಅಣಕಿಸಿದ್ದನ್ನು ಕೊಟ್ಟಿದ್ದಳು. ಹಿಂದಿನ ಬೆಂಚಿನ ಯಾರೋ, ಶಿವರಾತ್ರಿ ಉಪವಾಸ ಎಂದು ಹೇಳಿ ಹಿತ್ತಿಲಲ್ಲಿ ಒಗ್ಗರಣಿ ಮಂಡಕ್ಕಿ ತಿಂದದ್ದನ್ನು ಕೊಟ್ಟಿದ್ದರು. ಕ್ಯಾಥೊಲಿಕ್ ಹುಡುಗಿಯ ಬಾಯಲ್ಲಿ ಶಿವರಾತ್ರಿಯ ಉಪವಾಸಭಂಗ ಕೇಳಿದ ಫಾದರ್ ಪಾಡು ನೆನೆದು ನನಗೆ ಅವರ ಮೇಲೆ ಕನಿಕರ ಉಕ್ಕಿತು.

ಆದರೆ ನಗುವ ಹೊತ್ತಾಗಿರಲಿಲ್ಲ. ಇದು ಸಲ್ಲದೆಂದು ಅವಳಿಗೆ ಹೇಳಲೋ ಬಿಡಲೋ? ಹೇಳಿದರೆ ಹುಡುಗಿ ಮತ್ತೆ ಅಳುತ್ತಾಳೆ, ನಾಳೆಯೇ ಹಬ್ಬ. ಬಿಟ್ಟರೆ ಅವಳ ಬದುಕಿನ ಮೊದಲ ಪಾಪನಿವೇದನೆ ಪೂರ್ತಿ ಪರರ ಸ್ವತ್ತಿನ ಮೇಲೆ ನಿಂತಂತಾಗುತ್ತದೆ. ಮುಂದೆ ದೊಡ್ಡವಳಾಗಿ ತಿಳಿದರೆ, ಮಾಸ್ತರ ಗೊತ್ತಿದ್ದೂ ಸುಮ್ಮನಿದ್ದರು ಎಂದಾಳು. ಕನ್ನಡಕ ತೆಗೆದು ಒರೆಸಿದೆ. ಯೋಚನೆ ಬರದಾಗ ನಾನು ಮಾಡುವ ಕೆಲಸ ಅದು. ಕೊನೆಗೆ ಆದಷ್ಟು ಮೆತ್ತಗೆ ಕೇಳಿದೆ:

“ಜೆಸಿಂತಾ, ಮಾಡದ ಕೆಲಸ ನಾನ ಮಾಡೀನಿ ಅಂತ ಹೇಳಿದ್ರ, ಅದಕ್ಕ ಏನಂತಾರವ್ವ?”

ಅವಳು ಯೋಚಿಸಿದಳು. ಕೈ ಬಾಯಿಗೆ ಹೋಯಿತು.

“ಸುಳ್ಳು!”

ನಾನು ಕರವಸ್ತ್ರ ಸಿದ್ಧವಾಗಿಟ್ಟುಕೊಂಡೆ. ಅದು ಬೇಕಾಗಲಿಲ್ಲ. ಹುಡುಗಿಯ ಕಣ್ಣು ದೊಡ್ಡದಾಗುತ್ತ, ದೊಡ್ಡದಾಗುತ್ತ, ದೀಪ ಹಚ್ಚಿದ ಹಾಗೆ ಮುಖವೆಲ್ಲ ಬೆಳಗಿತು.

“ಸರ! ಸುಳ್ಳು ಪಾಪ ಅಲ್ಲೇನ್ರಿ?”

“ಹೌದವ್ವ.”

“ಇದು ನಂದ ಅಲ್ಲೇನ್ರಿ? ಯಾರೂ ಕೊಟ್ಟಿದ್ದಲ್ಲ! ನಂದೇ!”

ಮರುಕ್ಷಣ ಅವಳು ವರಾಂಡದಲ್ಲಿದ್ದಳು. “ಫಾದರ್, ಜಲ್ದಿ ಬರ್ರಿ, ಒಂದು ಸಿಕ್ಕೈತ್ರಿ!” ಎಂದು ಅವರ ತೋಳು ಹಿಡಿದೆಳೆದಳು. ಕಳೆದ ಕರು ಸಿಕ್ಕವರೂ ಅಷ್ಟು ಸಂಭ್ರಮದಿಂದ ಕೂಗುವುದಿಲ್ಲ. ಅರ್ಧ ಕುಡಿದ ಚಹಾ ಬೆಂಚಿನ ಮೇಲೆ ಉಳಿಯಿತು. ಒಳಗೆ ಕುರ್ಚಿ ಒಂದೇ ಸಲ ಕಿರುಗುಟ್ಟಿತು. ಈ ಬಾರಿ ಅವಳು ಹೋದಷ್ಟೇ ವೇಗವಾಗಿ ಬಂದಳು. ಅವಳ ಹಿಂದೆ ಬಂದ ಫಾದರ್, ನಗದೆ, ಅವಳ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು.

ಆ ಸಂಜೆ ಮನೆಯಲ್ಲಿ ಕುಳಿತು ನಾನು ಈ ಪ್ರಕರಣವನ್ನು ಶಾಸ್ತ್ರೀಯವಾಗಿ ಪರಿಶೀಲಿಸಲು ಯತ್ನಿಸಿದೆ. ಬೇರೆಯವರ ಪಾಪ ಹೇಳುವವರು ಹೊಸಪೇಟೆಯಿಂದ ಕಂಪ್ಲಿಯವರೆಗೆ ಪ್ರತಿ ಚಹಾದಂಗಡಿಯಲ್ಲಿ ಸಿಗುತ್ತಾರೆ. ಆ ಕಲೆಯಲ್ಲಿ ನಾನೂ ಹಿಂದುಳಿದವನಲ್ಲ. ಆದರೆ ಬೇರೆಯವರ ಪಾಪವನ್ನು ‘ನನ್ನದು’ ಎಂದು ಹೇಳಿದವರನ್ನು ನಾನು ಕಂಡದ್ದು ಇದೇ ಮೊದಲು. ಕಂಡದ್ದು ಮೊದಲು, ಸರಿ, ಕೇಳಿದ್ದು? ಪರರ ಪಾಪವನ್ನು ತನ್ನದೆಂದು ಹೊತ್ತು ಶಿಲುಬೆಯತ್ತ ನಡೆದವನೊಬ್ಬನ ಕಥೆಯನ್ನೇ ಅಲ್ಲವೇ ನಾನು ಇಷ್ಟು ವರ್ಷ ಬೀರಿನ ಎರಡೂ ಕಡೆ ಕೇಳಿಸುವಂತೆ ಹೇಳುತ್ತ ಬಂದದ್ದು? ಮಕ್ಕಳು ಪಾಠ ಕೇಳುವುದಿಲ್ಲ ಎಂದು ಸಿಸ್ಟರ್ ಮುಂದೆ ನಾನು ಪ್ರತಿ ತಿಂಗಳೂ ದೂರುತ್ತಿದ್ದೆ. ಕೇಳುತ್ತಾರೆ. ಬೇಕಾದ್ದಕ್ಕಿಂತ ತುಸು ಹೆಚ್ಚೇ ಕೇಳುತ್ತಾರೆ.

ಭಾನುವಾರ ಬಿಳಿ ಫ್ರಾಕಿನ ಜೆಸಿಂತಾ ಮೇಣದ ಬತ್ತಿ ಹಿಡಿದು ನಡೆದು ಬಂದಳು. ಪ್ರಾರ್ಥನಾಲಯದ ಹಿಂದಿನ ಸಾಲಿನಲ್ಲಿ ಮೂರನೆಯ ತರಗತಿ ಸ್ನಾನ ಮಾಡಿ, ವಿಭೂತಿ ಧರಿಸಿ, ಸಾಲ ಕೊಟ್ಟವರ ಗತ್ತಿನಲ್ಲಿ ಕುಳಿತಿತ್ತು. ಅವಳು ಪರಮಪ್ರಸಾದ ಸ್ವೀಕರಿಸಿ ತಿರುಗಿದಾಗ ಅವರೆಲ್ಲ ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಮುಂದಿನ ಸಾಲಿಗೆ ಕೇಳಿಸಿತು.

ಪೂಜೆ ಮುಗಿದ ಮೇಲೆ ವೀರೇಶ ನನ್ನನ್ನು ಬೇವಿನ ಮರದ ಮರೆಗೆ ಕರೆದ.

“ಸರ, ಮುಂದಿನ ವರ್ಷ ಯಾರ್ರಿ?”

“ಯಾಕಲೇ?”

“ಈಗ ಹೇಳಿದ್ರ ಚಲೋ ಆಗ್ತೈತ್ರಿ. ಇವತ್ತಿಂದ ಕೂಡಿಡ್ತೀವಿ.”

ಧರ್ಮಬೋಧನೆಯ ಮುಖ್ಯಸ್ಥನಾಗಿ ನಾನು ಅವನ ಕಿವಿ ಹಿಂಡಬೇಕಿತ್ತು. ಹಾಗೆಂದುಕೊಂಡೇ ಕೈ ಎತ್ತಿದೆ. ಅದು ಹೋಗಿ ಅವನ ಹೆಗಲ ಮೇಲೆ ಕುಳಿತಿತು. ಮುಂದಿನ ವರ್ಷಕ್ಕೆ ಯಾರ್ಯಾರಿದ್ದಾರೆ ಎಂದು ನಾವಿಬ್ಬರೂ ಸೇರಿ ಯೋಚಿಸತೊಡಗಿದೆವು.